ಆಷಾಢದ ಕ್ಯಾಸೆಟ್

ಫಂಗಸ್ ಹಿಡಿದ ವಿಡಿಯೋ ಕ್ಯಾಸೆಟ್ಟಿಗೆ ಒಂದು ವಾಸನೆ ಇರುತ್ತದೆ. ಮಳೆಯಲ್ಲಿ ನೆನೆದು ಮೂಲೆಗೆ ಬಿದ್ದ ಚಪ್ಪಲಿಗೆ ಚೂರು ಕರ್ಪೂರ ಬೆರೆಸಿದ ಹಾಗೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಮುಚ್ಚಿಕೊಳ್ಳುವ ಹಾಗಿಲ್ಲ, ಅದೇ ನನ್ನ ಅನ್ನ. ದಾವಣಗೆರೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಜನ ಅಟ್ಟದ ಮೇಲಿಂದ ತಮ್ಮ ಮದುವೆಯನ್ನೋ ಅಪ್ಪ ಅಮ್ಮನ ಮದುವೆಯನ್ನೋ ಇಳಿಸಿಕೊಂಡು ಬಂದು, ಪೆನ್‌ಡ್ರೈವಿಗೆ ಹಾಕ್ಕೊಡ್ರಿ ಮೇಡಂ ಅನ್ನುತ್ತಾರೆ. ನಾನು ಹಾಕಿಕೊಡುತ್ತೇನೆ.

ಹೋದ ತಿಂಗಳು ಹರಿಹರದಿಂದ ಗಿರಿಜಕ್ಕ ಬಸ್ಸು ಹತ್ತಿ ಬಂದರು. ಬ್ಲೌಸ್ ಪೀಸಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟರು. "ಇದನ್ನ ನನ್ನ ಮೊಬೈಲಿಗೆ ಹಾಕ್ಕೊಡವ್ವ ಸುಮಾ. ಒಂದು ಚೂರೂ ಕತ್ತರಿಸಬ್ಯಾಡ," ಅಂದು, ಬೆಂಚಿನ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು.

ಬಟ್ಟೆ ಬಿಚ್ಚಿದರೆ ಡಬ್ಬಿಯ ಮೇಲೆ ಎರಡು ಬಾಳೆಕಂಬ, ಚಿನ್ನದ ಬಣ್ಣದಲ್ಲಿ 'ಶುಭವಿವಾಹ'. ವರ ಅನ್ನುವ ಜಾಗದಲ್ಲಿ ನೀಲಿ ಪೆನ್ನಿನಲ್ಲಿ 'ಕರಿಬಸಪ್ಪ' ಅಂತಿದೆ. ವಧು ಅನ್ನುವ ಜಾಗ ಖಾಲಿ. ಅಕ್ಷರ ನಮ್ಮ ವೀರೇಶಣ್ಣನದು, ನೋಡಿದ ಕೂಡಲೇ ಗೊತ್ತಾಯಿತು. ನಗು ತಡೆಯಲಾಗಲಿಲ್ಲ. ಡಬ್ಬಿ ತೆರೆದೆ, ಆ ವಾಸನೆ ಬಂತು, ಅದರ ಹಿಂದೆಯೇ ತೊಂಬತ್ತೆಂಟನೇ ಇಸವಿಯ ಆಷಾಢವೂ ಬಂತು.

ಮದುವೆ ವಿಡಿಯೋದವರಿಗೆ ಆಷಾಢ ಅಂದರೆ ಯಾರಿಗೂ ಬೇಡವಾದ ರಜೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಗಾಳಿ ಮಾತ್ರ ದಂಡಿಯಾಗಿ ಬೀಸುತ್ತಿರುತ್ತದೆ. ನಾನಾಗ ಡಿಗ್ರಿ ಮುಗಿಸಿ ವೀರೇಶಣ್ಣನ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮಿಕ್ಸಿಂಗ್ ಅಂದರೆ, ಅಡುಗೆ ಅಲ್ಲ, ನಮ್ಮಮ್ಮ ಕೊನೆಯವರೆಗೂ ಹಾಗೇ ತಿಳಿದಿದ್ದಳು. ತೆಗೆದ ವಿಡಿಯೋವನ್ನು ಕತ್ತರಿಸಿ, ಜೋಡಿಸಿ, ಚೆಂದ ಮಾಡುವುದು. ವಧು ನಾಚಿದರೆ ಅವಳ ಸುತ್ತ ಹೃದಯದ ಆಕಾರ ಬರಿಸಬೇಕು. ಧಾರೆ ಎರೆಯುವಾಗ ಮೇಲಿಂದ ಗುಲಾಬಿ ಎಸಳು ಉದುರಬೇಕು. ಬೀಗರು ಊಟಕ್ಕೆ ಕೂತರೆ ಚಿತ್ರ ಪುಸ್ತಕದ ಹಾಳೆಯ ಹಾಗೆ ಮಗುಚಿಕೊಳ್ಳಬೇಕು. ವೀರೇಶಣ್ಣನಿಗೆ ಇದೆಲ್ಲ ಇಲ್ಲದ ಕ್ಯಾಸೆಟ್ಟು ಉಪ್ಪಿಲ್ಲದ ಸಾರು. ಅವನದೇ ಇನ್ನೊಂದು ಪದ್ಧತಿ ಇತ್ತು. ಪ್ರತಿ ಮದುವೆಯಲ್ಲೂ ಮೊದಲು ಮನೆಯಲ್ಲಿ ತೀರಿಕೊಂಡ ಹಿರಿಯರ ಫೋಟೋ ಕೇಳಿ ಪಡೆದು, ಕುರ್ಚಿಯ ಮೇಲೆ ಇಟ್ಟು, ಹೂವಿನ ಹಾರ ಹಾಕಿ, ಮುಂದೆ ದೀಪ ಹಚ್ಚಿ ಒಂದು ಶಾಟ್ ತೆಗೆಯುತ್ತಿದ್ದ. ಆಮೇಲೇ ಗಂಡು ಹೆಣ್ಣು. ಇದೊಂದನ್ನು ನೆನಪಿಟ್ಟುಕೊಳ್ಳಿ, ನಮ್ಮ ಗ್ರಹಚಾರ ಶುರುವಾದದ್ದೇ ಇದರಿಂದ.

ಅಂಥ ಒಂದು ಆಷಾಢದ ಮಧ್ಯಾಹ್ನ, ನಾನೂ ವೀರೇಶಣ್ಣನೂ ಮಂಡಕ್ಕಿ ಮಿರ್ಚಿ ತಿಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಮಂಜುನಾಥ ಸರ್ ಬಂದರು. ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟರು. ಶರ್ಟು ಇನ್ ಮಾಡಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದ ಈ ಮನುಷ್ಯ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ರಾಕ್ ಬ್ಯಾಂಡಿನ ಡ್ರಮ್ಸ್ ಬಾರಿಸುತ್ತಿದ್ದರು ಅಂದರೆ ನಂಬುವುದು ಕಷ್ಟ. ಆದರೆ ಮಾತಾಡುವಾಗ ಎರಡೂ ಕೈಬೆರಳು ಮೇಜಿನ ಮೇಲೆ ಕುಣಿಯುತ್ತಲೇ ಇದ್ದವು.

ಅವರು ಹೇಳಿದ್ದು ಇಷ್ಟು. ಅವರ ಬ್ಯಾಂಡಿನಲ್ಲಿ ಹಾಡುತ್ತಿದ್ದವನು ಹರಿಹರದ ಕರಿಬಸಪ್ಪ. ಬೆಂಗಳೂರಿನ ಹುಡುಗರಿಗೆ ಅಷ್ಟುದ್ದದ ಹೆಸರಿಗೆ ನಾಲಿಗೆ ಹೊರಳದೆ ಅವನನ್ನು 'ಕ್ಯಾರಿ' ಮಾಡಿದ್ದರು. ಸೊಂಟದ ತನಕ ಕೂದಲು, ಹರಿದ ಪ್ಯಾಂಟು, ಆನೆಯಂಥ ದನಿ. ಐದಾರು ವರ್ಷ ಅವನದೇ ಹವಾ. ಆಮೇಲೆ ಕುಡಿತ ಹತ್ತಿತು. ಹಾಡು ಮರೆಯುವುದು, ಜೊತೆಯವರ ಮೇಲೆ ರೇಗುವುದು, ಸ್ಟೇಜಿನಿಂದ ಇಳಿದು ನಡೆದೇಬಿಡುವುದು. ಒಂದು ದಿನ ಗಿಟಾರನ್ನು ಜನರ ಮುಂದೆಯೇ ಒಡೆದು ಹಾಕಿದ. ಬ್ಯಾಂಡು ಚೂರಾಯಿತು. ಮಂಜು ಸರ್ ಅವನನ್ನು ರೈಲು ಹತ್ತಿಸಿ ಹರಿಹರಕ್ಕೆ ಕರೆತಂದು, ಅಪ್ಪ ಅಮ್ಮನಿಲ್ಲದ ಅವನನ್ನು ಎತ್ತಿ ಬೆಳೆಸಿದ ಅಕ್ಕನ ಕೈಗೆ ಒಪ್ಪಿಸಿದ್ದರು. ಆ ಅಕ್ಕನೇ ಗಿರಿಜಕ್ಕ, ಹರಿಹರದ ಪೇಟೆಯಲ್ಲಿ ಬ್ಲೌಸ್ ಹೊಲಿಯುವವರು. ದಾವಣಗೆರೆಯ ಡಾಕ್ಟರ ಔಷಧಿಯಿಂದ ಕುಡಿತ ಬಿಟ್ಟಿತು. ಅದರ ಜೊತೆ ಹಾಡೂ ಬಿಟ್ಟಿತು. ಅಕ್ಕ ಆಸ್ಪತ್ರೆಗೆ ಕರೆದೊಯ್ದದ್ದು ಬಿಟ್ಟರೆ ಎಂಟು ತಿಂಗಳಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ, ಒಂದು ಸಾಲು ಗುನುಗಿಲ್ಲ.

"ನಾನು ಮುಗಿದೋನು ಅಂತಾನ್ರಿ," ಅಂದರು ಮಂಜು ಸರ್. "ಶ್ರಾವಣದಲ್ಲಿ ನಮ್ಮ ಕಾಲೇಜಿನ ಹಬ್ಬ ಐತೆ. ಅವನ ಮೇಲೊಂದು ಡಾಕ್ಯುಮೆಂಟರಿ ಮಾಡಿ ತೋರ್ಸೋಣ, ಅದನ್ನ ನೋಡಿಯಾದ್ರೂ ಅವನು ಬಾಯಿ ತೆಗೀತಾನೇನೋ."

ಕರಿಬಸಪ್ಪ ಒಪ್ಪಿದ್ದ, ಒಂದು ಷರತ್ತಿನ ಮೇಲೆ. ಕ್ಯಾಮೆರಾ ತನ್ನ ಮುಂದೆ ಬರಬಾರದು, ತನ್ನ ಮನೆಯೊಳಗೂ ಬರಬಾರದು. ಬೇಕಿದ್ದರೆ ಊರವರನ್ನು ಕೇಳಿಕೊಳ್ಳಲಿ.

ವೀರೇಶಣ್ಣ ಎದೆ ಉಬ್ಬಿಸಿ ಒಪ್ಪಿಕೊಂಡ. ಸರ್ ಹೋದಮೇಲೆ ನನ್ನ ಕಡೆ ತಿರುಗಿ, ರಾಕ್ ಅಂದ್ರೆ ಬಂಡೆ ಅಲ್ಲೇನೇ, ಟೈಟಲ್ಲಿಗೆ ಎರಡು ಬಂಡೆ ತೋರ್ಸಿದ್ರೆ ಹೆಂಗೆ ಅಂತ ಕೇಳಿದ. ನಾನು ಹಣೆ ಚಚ್ಚಿಕೊಂಡೆ.

ಹರಿಹರಕ್ಕೆ ಹೋದ ದಿನ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಎಲ್ಲರೂ ಒಂದೇ ಕಡೆಯ ಕಿಟಕಿಗೆ ಬಾಗಿದರು, ನಾನೂ ಬಾಗಿದೆ. ಗಾಳಿ ಹೇಗಿತ್ತೆಂದರೆ, ಮೊದಲ ಶಾಟಿನಲ್ಲೇ ಮೈಕಿನೊಳಗೆ ಭೋರ್ ಭೋರ್ ಅನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಗಿರಿಜಕ್ಕ ಒಂದು ಮಾತೂ ಆಡದೆ ನನ್ನ ಕೈಯಿಂದ ಮೈಕು ಇಸಕೊಂಡು, ಟೇಪು ಹಿಡಿದು ಅಳತೆ ತಗೊಂಡು, ಉಳಿದ ಮಖಮಲ್ಲಿನ ಚೂರಿನಿಂದ ಐದು ನಿಮಿಷದಲ್ಲಿ ಅದಕ್ಕೊಂದು ಕುಲಾವಿ ಹೊಲಿದುಕೊಟ್ಟರು. ಅಂಚಿಗೆ ಲೇಸೂ ಇತ್ತು. ಆ ಕುಲಾವಿ ಆಮೇಲೆ ಎಷ್ಟೋ ಮದುವೆ ನೋಡಿತು.

ಗಿರಿಜಕ್ಕನ ಅಂಗಡಿ ಅಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಒಂದು ಕನ್ನಡಿ, ಗೋಡೆ ತುಂಬ ತೋಳಿಲ್ಲದ ಬ್ಲೌಸುಗಳು. ತಮ್ಮನ ಕಥೆಯನ್ನು ಮಿಷನ್ ತುಳಿಯುತ್ತಲೇ ಹೇಳಿದರು, ಆದರೆ ಕ್ಯಾಮೆರಾ ಆಫ್ ಮಾಡಿಸಿ. ಮಗುವಾಗಿದ್ದಾಗ ಅವನು ಈ ಮಿಷನ್ನಿನ ಕೆಳಗೆ ಕೂತು, ಅದರ ಟಕಟಕಕ್ಕೆ ಸರಿಯಾಗಿ ಹಾಡಿಕೊಳ್ಳುತ್ತಿದ್ದನಂತೆ. ತುಳಿಯುವುದು ನಿಲ್ಲಿಸಿದರೆ ಅಳುತ್ತಿದ್ದನಂತೆ. ಬೆಂಗಳೂರಿಗೆ ಹೋದ ಮೇಲೆ ಒಂದು ಸಲ ಅವನ ಕಾರ್ಯಕ್ರಮದ ವಿಡಿಯೋ ಊರಿಗೆ ಬಂತು. ಸೋದರಮಾವ ಕೂತು ನೋಡಿದ. ಕೂದಲು ಬಿಟ್ಟು, ತಲೆ ಗಿರಗಿರ ತಿರುಗಿಸಿ ಅಬ್ಬರಿಸುವುದನ್ನು ಕಂಡು, ಇದು ಹಾಡಲ್ಲ, ಗಾಳಿ ಮೆಟ್ಟಿದ್ದು ಅಂದುಬಿಟ್ಟ. ಊರಿಗೆ ಬಂದಾಗ ಉಕ್ಕಡಗಾತ್ರಿಗೆ ಕರಕೊಂಡು ಹೋಗಲೇಬೇಕು ಅಂತ ಹಟ ಹಿಡಿದ. ಕರಿಬಸವೇಶ್ವರನ ಹೆಸರಿಟ್ಟ ಹುಡುಗ, ಗಾಳಿ ಬಿಡಿಸುವುದಕ್ಕೂ ಅವನ ಸನ್ನಿಧಿಗೇ.

"ಹೋಗಿ ಬಂದ. ಅಲ್ಲಿ ನಾಲ್ಕು ಜನ ಹೆಣ್ಮಕ್ಳು ಮೈದುಂಬಿ ತಲೆ ಬೀಸೋದು ನೋಡಿದನಂತೆ. ಅಕ್ಕಾ, ನಾನು ಇನ್ನೂ ಕಲೀಬೇಕು ಅಂದ," ಅಂತ ಹೇಳಿ ಗಿರಿಜಕ್ಕ ಅವತ್ತು ಮೊದಲ ಸಲ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಅವನ ಕೊನೆಯ ತಮಾಷೆ ಅದೇ ಆಗಿತ್ತಂತೆ.

ಅವರ ಮನೆ ಇದ್ದ ಓಣಿಯ ಬಾಯಿಗೆ ಒಂದು ಬಸವಣ್ಣನ ಗುಡಿ, ಗುಡಿಗೊಂದು ಕಟ್ಟೆ. ಮನೆಯೊಳಗೆ ಹೋಗುವ ಹಾಗಿಲ್ಲವಲ್ಲ, ಅದಕ್ಕೇ ಆ ಕಟ್ಟೆಯ ಮೇಲೆ ನಮ್ಮ ಕಾರ್ಯಾಗಾರ ಶುರುವಾಯಿತು. ವೀರೇಶಣ್ಣ ಒಂದು ಕುರ್ಚಿ ತರಿಸಿದ. ಗಿರಿಜಕ್ಕನಿಂದ ತಂದ ಕರಿಬಸಪ್ಪನ ಹಳೆ ಫೋಟೋ, ಎಸ್ಸೆಸ್ಸೆಲ್ಸಿಯಲ್ಲಿ ತೆಗೆಸಿದ್ದು, ಎಣ್ಣೆ ಹಚ್ಚಿ ಕ್ರಾಪು ಬಾಚಿದ್ದು, ಅದನ್ನು ಇಟ್ಟ. ಪದ್ಧತಿಯ ಪ್ರಕಾರ ಹಾರ ಹಾಕಿದ, ದೀಪ ಹಚ್ಚಿದ. ನಾನು ಪಕ್ಕದಲ್ಲೇ ಮೈಕು ಹಿಡಿದು ನಿಂತಿದ್ದೆ. ನನಗೂ ಏನೂ ಅನ್ನಿಸಲಿಲ್ಲ ನೋಡಿ, ಎರಡು ವರ್ಷದ ರೂಢಿ.

ಮೊದಲು ಬಂದವರು ಎದುರು ಮನೆಯ ಹಾಲಮ್ಮ. ಡಾಕ್ಯುಮೆಂಟರಿ ಅಂದದ್ದು ಅರ್ಧ ಕೇಳಿಸಿಕೊಂಡು, ಯಾವ ಡಾಕ್ಯುಮೆಂಟ್ ಬೇಕ್ರಿ, ರೇಷನ್ ಕಾರ್ಡ್ ಐತೆ ಅಂತ ಒಳಗೆ ಹೊರಟಿದ್ದರು. ಅಷ್ಟರಲ್ಲಿ ಕುರ್ಚಿ ಕಡೆ ಕಣ್ಣು ಹೋಯಿತು. ನಿಂತರು. ಬಾಯಿಗೆ ಸೆರಗು ಮುಚ್ಚಿಕೊಂಡರು. ವೀರೇಶಣ್ಣ ಮದುವೆ ಮನೆಯಲ್ಲಿ ಕೇಳುವ ಹಾಗೆಯೇ ಬಹಳ ಮರ್ಯಾದೆಯಿಂದ ಕೇಳಿದ: "ಕರಿಬಸಪ್ಪನವರ ಬಗ್ಗೆ ಎರಡು ಮಾತು ಹೇಳ್ರಿ."

ಆ ಓಣಿಯಲ್ಲಿ ಹುಟ್ಟಿದಾಗಿನಿಂದ ಕರಿಬಸುವಿಗೆ ಯಾರೂ 'ಅವರು' ಅಂದಿರಲಿಲ್ಲ. ಹಾಲಮ್ಮನ ಕಣ್ಣಲ್ಲಿ ದಳದಳ ನೀರು. ಅವರು ಹೇಳಿದರು, ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಎರಡು ದಿನದಲ್ಲಿ ಓಣಿಗೆ ಓಣಿಯೇ ಬಂದು ಮಾತಾಡಿತು. ಎಷ್ಟು ಭಾವ, ಎಷ್ಟು ಪ್ರೀತಿ. ವೀರೇಶಣ್ಣ ನನ್ನ ಕಿವಿಯಲ್ಲಿ, ನೋಡೇ, ಮದ್ವಿ ಮನ್ಯಾಗ ಇಂಥ ಮಾತು ಒಂದಾದ್ರೂ ಸಿಕ್ಕಿತ್ತಾ ಅಂದ. ಮಧ್ಯಾಹ್ನಕ್ಕೆ ನಾಲ್ಕು ಮನೆಯಿಂದ ಗಿರಿಜಕ್ಕನ ಮನೆಗೆ ಊಟ ಬಂತು. ರೊಟ್ಟಿ, ಪಲ್ಯ, ಅನ್ನ, ಸಾರು. ನಮಗಾಗಿ ಕಳಿಸಿದ್ದಾರೆ ಅಂತ ಗಿರಿಜಕ್ಕ ತಿಳಿದರು. ಗಿರಿಜಕ್ಕ ಕಳಿಸಿದ್ದಾರೆ ಅಂತ ನಾವು ತಿಳಿದೆವು. ನಾವು ಹೊಟ್ಟೆ ತುಂಬ ಉಂಡೆವು. ಒಳಕೋಣೆಯಲ್ಲಿ ಕರಿಬಸಪ್ಪನೂ ಉಂಡನಂತೆ.

ಕೊನೆಗೆ ಗಿರಿಜಕ್ಕನ ಸರದಿ. ಅಂಗಡಿಗೇ ಹೋಗಿ ಕ್ಯಾಮೆರಾ ಇಟ್ಟೆವು. ಅವರು ಮಿಷನ್ನಿನಿಂದ ತಲೆ ಎತ್ತಲಿಲ್ಲ. ನಿಮ್ಮ ತಮ್ಮ ಏನೇನು ಮಾಡ್ತಿದ್ರು ಹೇಳ್ರಿ ಅಂತ ವೀರೇಶಣ್ಣ ಕೇಳಿದ. ಗಿರಿಜಕ್ಕ ಹಲ್ಲಿನಿಂದ ದಾರ ಕಡಿದರು.

"ಮಾಡ್ತಿದ್ರು ಅಂದ್ರೆ? ನನ್ನ ತಮ್ಮ ಹಾಡ್ತಾನೆ."

ಅಷ್ಟೇ. ಮತ್ತೆ ತುಳಿಯತೊಡಗಿದರು. ವೀರೇಶಣ್ಣನಿಗೆ ಬೇಜಾರಾಯಿತು. ಊರವರು ಇಷ್ಟು ಮಾತಾಡಿದರೆ ಸ್ವಂತ ಅಕ್ಕ ಒಂದು ಸಾಲಿಗೆ ಮುಗಿಸಿಬಿಟ್ಟರಲ್ಲ ಅಂತ ಬಸ್ಸಿನಲ್ಲಿ ಗೊಣಗುತ್ತ ಬಂದ.

ಮಾರನೆಯ ದಿನ ಮಿಕ್ಸಿಂಗಿಗೆ ಕೂತೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಎರಡು ವಿಸಿಆರ್, ಒಂದು ಸಣ್ಣ ಟಿವಿ, ನಾನು. ಹಾಲಮ್ಮ ಬಂದರು: "ಬಾಳ ಮೃದು ಹುಡುಗ ಇದ್ದ." ಇನ್ನೊಬ್ಬರು: "ಎಲ್ಲಿದ್ರೂ ತಣ್ಣಗಿರ್ಲಿ." ಮತ್ತೊಬ್ಬರು: "ದೇವ್ರಿಗೂ ಒಳ್ಳೆಯವ್ರೇ ಬೇಕು." ನಾಲ್ಕನೆಯವರ ಹೊತ್ತಿಗೆ ನನ್ನ ಕೈ ಗುಂಡಿಯ ಮೇಲೆಯೇ ನಿಂತಿತು. ಹಿಂದಕ್ಕೆ ಓಡಿಸಿದೆ. ಮತ್ತೆ ನೋಡಿದೆ. ಇದ್ದ, ಹಾಡ್ತಿದ್ದ, ನಗ್ತಿದ್ದ. ಇಡೀ ಓಣಿಯಲ್ಲಿ ಒಬ್ಬರಾದರೂ 'ಇದ್ದಾನೆ' ಅಂದಿರಲಿಲ್ಲ. ಫೋಟೋ, ಹಾರ, ದೀಪ, ಎರಡು ಮಾತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ನಾಲ್ಕು ಮನೆಯಿಂದ ಬಂದ ರೊಟ್ಟಿ. ಅಯ್ಯೋ ನನ್ನ ಕರ್ಮವೇ ಅಂತ ಕೂತಲ್ಲೇ ಬೆವತೆ.

ವೀರೇಶಣ್ಣನನ್ನು ಕರೆದು ತೋರಿಸಿದೆ. ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಬದುಕಿರೋ ಮನುಷ್ಯಂಗೆ ಶಿವಗಣಾರಾಧನೆ ಮಾಡಿಬಿಟ್ವಲ್ಲೇ," ಅಂದ.

ಹಾಲಮ್ಮನ ಮನೆಯ ಫೋನಿಗೆ ಮಾಡಿ ನಾಜೂಕಾಗಿ ವಿಚಾರಿಸಿದಾಗ ಎಲ್ಲ ಬಿಡಿಸಿಕೊಂಡಿತು. ಹಿಂದಿನ ವಾರ ಗಿರಿಜಕ್ಕ ತಮ್ಮನನ್ನು ಆಟೋದಲ್ಲಿ ದಾವಣಗೆರೆ ಆಸ್ಪತ್ರೆಗೆ ಕರೆದೊಯ್ದದ್ದನ್ನು ಓಣಿಯವರು ನೋಡಿದ್ದರು. ಜೋರು ಮಳೆಯಲ್ಲಿ ವಾಪಸ್ಸು ಬಂದದ್ದನ್ನು ನೋಡಿರಲಿಲ್ಲ. ಮಾಯಕೊಂಡದ ಕಡೆ ಅವರ ಮೂಲದ ಊರು, ಅಲ್ಲೇ ಮಣ್ಣು ಮಾಡಿರಬೇಕು ಅಂದುಕೊಂಡಿದ್ದರು. ಗಿರಿಜಕ್ಕನ ಎದುರು ಆ ವಿಷಯ ಎತ್ತಿ ಹೊಟ್ಟೆ ಉರಿಸುವುದು ಬೇಡ ಅಂತ ಯಾರೂ ಕೇಳಲಿಲ್ಲ. ಹಾಲಮ್ಮನಿಗೆ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ, ಫೋನಿಟ್ಟೆ.

ಮತ್ತೆ ಶೂಟಿಂಗ್ ಮಾಡಲು ದಿನವಿಲ್ಲ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ನಾನು ಮುಗಿದೋನು ಅಂತ ಮೂಲೆಗೆ ಕೂತ ಮನುಷ್ಯ ಇದನ್ನು ನೋಡಿದರೆ? ಹೌದಲ್ಲ, ಊರೂ ಹಾಗೇ ಅಂತೈತೆ ಅಂದುಕೊಂಡು ಮತ್ತೆ ಬಾಟಲಿ ಹಿಡಿದರೆ? ಮಂಜು ಸರ್‌ಗೆ ಹೇಗೆ ಮುಖ ತೋರಿಸುವುದು, ಗಿರಿಜಕ್ಕನಿಗೆ ಏನು ಹೇಳುವುದು. ಈ ಕ್ಯಾಸೆಟ್ಟು ಅವನ ಕಣ್ಣಿಗೆ ಬೀಳಬಾರದು ಅಂತ ನಾವಿಬ್ಬರೂ ತೀರ್ಮಾನ ಮಾಡಿಕೊಂಡೆವು. ಮರುದಿನ ಬೆಳಿಗ್ಗೆ ವೀರೇಶಣ್ಣ ಸರ್ ಹತ್ತಿರ ತಪ್ಪೊಪ್ಪಿಕೊಳ್ಳಲು ಕಾಲೇಜಿಗೆ ಹೊರಟ.

ಅವನು ಅತ್ತ ಹೋದ, ಇತ್ತ ಬಾಗಿಲಲ್ಲಿ ಒಬ್ಬ ಬಂದು ನಿಂತ. ಸೊರಗಿದ ಮುಖ, ಗಿಡ್ಡ ಕೂದಲು, ಕೈಯಲ್ಲಿ ಹೆಂಗಸರ ಹೂವಿನ ಚಿತ್ರದ ಛತ್ರಿ.

"ನಾನು ಕರಿಬಸಪ್ಪ ರೀ. ಕ್ಯಾಸೆಟ್ ನೋಡಾಕ ಬಂದೀನಿ."

ಎಂಟು ತಿಂಗಳು ತಾನಾಗಿ ಹೊಸ್ತಿಲು ದಾಟದವನು ಇವತ್ತೇ ದಾಟಬೇಕೇ? ಅಕ್ಕ ಎರಡು ದಿನದಿಂದ ಅದನ್ನೇ ಹೇಳಿ ಹೇಳಿ ಅವನಿಗೂ ಕುತೂಹಲ ಹುಟ್ಟಿತ್ತಂತೆ. ಕೂಡ್ರಿ ಅಂದೆ. ವೀರೇಶಣ್ಣ ಇಲ್ರಿ ಅಂದೆ. ಮಿಷನ್ ರಿಪೇರಿ ಐತೆ ಅಂದೆ. ಕೊನೆಗೆ ಕರೆಂಟಿಲ್ಲ ಅಂದೆ. ಅವನು ತಲೆ ಎತ್ತಿ, ನನ್ನ ನೆತ್ತಿಯ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಸುಮ್ಮನೆ ಗುಂಡಿ ಒತ್ತಿದೆ.

ಮೊದಲಿಗೆ ಅವನದೇ ಫೋಟೋ, ಹಾರ, ದೀಪ. ಅದರ ಮೇಲೆ, ನಾನೇ ಹಿಂದಿನ ದಿನ ಪುಣ್ಯ ಕಟ್ಟಿಕೊಂಡು ಉದುರಿಸಿದ್ದ ಗುಲಾಬಿ ಎಸಳು. ಅವನ ಹುಬ್ಬು ಗಂಟಾಯಿತು. ಹಾಲಮ್ಮ ಬಂದು, ಒಂದು ಇರುವೆ ತುಳಿದೋನಲ್ಲ ಅಂದರು. ನನ್ನ ಕಂಡ್ರೆ ಬಾಗ್ಲು ಹಾಕ್ಕೊಂತಿದ್ರಲ್ಲ ಈಯಮ್ಮ ಅಂತ ಅವನು ತನ್ನಷ್ಟಕ್ಕೆ ಅಂದುಕೊಂಡ. ಒಬ್ಬೊಬ್ಬರಾಗಿ ಬಂದರು. ಅವನಿಗೆ ಅರ್ಥವಾಗುತ್ತಿದ್ದದ್ದು ನನಗೆ ಪಕ್ಕದಿಂದ ಕಾಣುತ್ತಿತ್ತು.

ಆಮೇಲೆ ರುದ್ರಪ್ಪ ಮೇಷ್ಟರು ಬಂದರು. ರಿಟೈರ್ಡ್ ಪಿ.ಟಿ. ಮೇಷ್ಟರು, ಅವನ ಮನೆಗೆ ಗೋಡೆ ಹಂಚಿಕೊಂಡವರು. ಹುಡುಗನಾಗಿದ್ದಾಗ ಇವನು ಹಾಡಿದರೆ ಗೋಡೆ ಗುದ್ದುತ್ತಿದ್ದವರು, ಒಂದು ಸಲ ಗಿಟಾರನ್ನೇ ಚರಂಡಿಗೆ ಎಸೆದವರು. ಕ್ಯಾಮೆರಾ ಮುಂದೆ ಅಟೆನ್ಷನ್ನಿನಲ್ಲಿ ನಿಂತು ಹೇಳಿದರು: "ಅವನ ಹಾಡು ನನಗೆ ತಿಳೀತಿರ್ಲಿಲ್ಲ. ಆದ್ರೆ ದಿನಾ ಸಂಜೆ ಐದಕ್ಕೆ ಸರಿಯಾಗಿ ಶುರು ಮಾಡ್ತಿದ್ದ. ಅದನ್ನ ಕೇಳಿ ನಾನು ವಾಕಿಂಗ್ ಹೊರಡ್ತಿದ್ದೆ. ಈಗ ಐದು ಯಾವಾಗ ಆಗ್ತೈತೋ ಗೊತ್ತಾಗಲ್ಲ." ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ.

ಕರಿಬಸಪ್ಪನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡು ನಾನು ನೀರಿನ ಲೋಟಕ್ಕೆ ಕೈ ಚಾಚಿದೆ. ನೋಡಿದರೆ ನಗು. ಮೊದಲು ಸದ್ದಿಲ್ಲದೆ, ಆಮೇಲೆ ಕುರ್ಚಿ ಕಿರುಗುಟ್ಟುವ ಹಾಗೆ, ಆಮೇಲೆ ಕೆಮ್ಮು ಬರುವ ತನಕ. ಹೊಟ್ಟೆ ಹಿಡಿದುಕೊಂಡು, ಸಾಯೋದು ಇಷ್ಟು ಚಲೋ ಅಂತ ಗೊತ್ತಿದ್ರೆ ಮೊದಲೇ ಸಾಯ್ತಿದ್ದೆನಲ್ರೀ ಅಂದ. ನನಗೂ ತಡೆಯಲಾಗದೆ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆ ಹೊತ್ತಿಗೆ ಟಿವಿಯಲ್ಲಿ ಗಿರಿಜಕ್ಕ ಬಂದರು. ದಾರ ಕಡಿದರು. ಮಾಡ್ತಿದ್ರು ಅಂದ್ರೆ? ನನ್ನ ತಮ್ಮ ಹಾಡ್ತಾನೆ.

ನಗು ನಿಂತುಹೋ‌ಯಿತು. ಇನ್ನೊಂದ್ಸಲ ಹಾಕ್ರಿ ಅಂದ. ಹಾಕಿದೆ. ಇನ್ನೊಂದು ಸಲ. ಮೂರನೆಯ ಸಲ ನೋಡಿ ಅವನೇ ಕೈ ಚಾಚಿ ಟಿವಿ ಆಫ್ ಮಾಡಿದ.

"ಎಲ್ಲರೂ ನನ್ನ ಮಣ್ಣು ಮಾಡಿ ಮನೆಗೆ ಹೋಗಿದಾರೆ. ಮೊದಲ ಹಿಡಿ ಮಣ್ಣು ಹಾಕಿದೋನೂ ನಾನೇ," ಅಂದ. "ನಮ್ಮಕ್ಕ ಒಬ್ಬಾಕಿಗೆ ಸುದ್ದಿ ಮುಟ್ಟಿಲ್ಲ ನೋಡ್ರಿ."

ನಾನು ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಎಲ್ಲ ತೆಗೆದು ಬೇರೆ ಮಾಡ್ತೀವಿ ಅಂದೆ. ಅವನು ಎದ್ದು ಛತ್ರಿ ತಗೊಂಡ. "ಹಿಂಗೇ ತೋರ್ಸಿ. ಒಂದು ಚೂರೂ ಕತ್ತರಿಸಬ್ಯಾಡ್ರಿ," ಅಂದು ಮಳೆಗೆ ಇಳಿದ. ಛತ್ರಿ ಬಿಚ್ಚುವುದನ್ನು ಮರೆತಿದ್ದ.

ಅವತ್ತೇ ಅವನು ಹರಿಹರಕ್ಕೆ ಹೋಗಿ ರುದ್ರಪ್ಪ ಮೇಷ್ಟರ ಬಾಗಿಲು ಬಡಿದನಂತೆ. ಮೇಷ್ಟರು ಬಾಗಿಲು ತೆರೆದರು, ಹಾಕಿದರು, ಮತ್ತೆ ತೆರೆದರು. ಬೆರಳಿನಿಂದ ಅವನ ಎದೆ ಚುಚ್ಚಿ ನೋಡಿದರು. ಆಮೇಲೆ ಬೆನ್ನಿಗೆ ಒಂದು ಬಾರಿಸಿ, ಅಳಿಸಿದ್ಯಲ್ಲೋ ನನ್ನ ಅಂತ ಬೈದು, ಒಳಗೆ ಕರೆದು ಚಹಾ ಕೊಟ್ಟರು. ಹಾಲಮ್ಮ ಮಾತ್ರ ಒಂದು ವಾರ ಗಿರಿಜಕ್ಕನ ಜೊತೆ ಮಾತು ಬಿಟ್ಟರು. ಅಷ್ಟು ರೊಟ್ಟಿ ದಂಡವಾಯಿತು ಅಂತ ಸಿಟ್ಟು. ಇದನ್ನೆಲ್ಲ ಗಿರಿಜಕ್ಕ ಫೋನಿನಲ್ಲಿ ಹೇಳಿ ನಕ್ಕರು. ಆದರೆ ಹಾಡಿದನಾ ಅಂತ ಕೇಳಿದರೆ, ಇಲ್ಲವ್ವ ಅಂದರು. ದಿನಾ ಐದಕ್ಕೆ ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ರುದ್ರಪ್ಪ ಮೇಷ್ಟರು ವಾಕಿಂಗ್ ಬೂಟು ಕಟ್ಟಿಕೊಂಡು ಗಡಿಯಾರ ನೋಡುತ್ತ ಕಾಯುತ್ತಾರೆ. ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಎದ್ದು ಹೋಗುತ್ತಾನೆ.

ಶ್ರಾವಣದ ಮೊದಲ ವಾರ, ಮಧ್ಯಾಹ್ನ ಮೂರಕ್ಕೆ ಕಾಲೇಜಿನ ಸಭಾಂಗಣ. ಹುಡುಗರು ಹುಡುಗಿಯರು ಕಿಕ್ಕಿರಿದಿದ್ದರು. ಮೂರನೇ ಸಾಲಿನಲ್ಲಿ ಗಿರಿಜಕ್ಕ, ಅವರ ಪಕ್ಕ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕರಿಬಸಪ್ಪ, ಅವನ ಪಕ್ಕ ನಾನು. ಅವನ ಮುಖ ನೋಡಿದರೆ ಹಲ್ಲು ಕೀಳಿಸಲು ಬಂದವನ ಹಾಗಿತ್ತು. ಮಂಜು ಸರ್ ಸ್ಟೇಜಿನ ಪರದೆಯ ಹಿಂದೆ ಡ್ರಮ್ಸ್ ಜೋಡಿಸಿಕೊಂಡು ಕೂತಿದ್ದರು. ಅವರೊಬ್ಬರಿಗೆ ಮಾತ್ರ ಆಸೆ ಇನ್ನೂ ಇತ್ತು. ವೀರೇಶಣ್ಣ ಪಕ್ಕದ ದಾರಿಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ನಿಂತಿದ್ದ.

ಕ್ಯಾಸೆಟ್ಟು ಓಡಿತು. ಬೆಂಗಳೂರಿನ ಹಳೆ ಕಾರ್ಯಕ್ರಮದ ತುಣುಕು ಬಂದಾಗ ಹುಡುಗರು ಶಿಳ್ಳೆ ಹೊಡೆದರು. ಹಾಲಮ್ಮ ಅತ್ತಾಗ ಕೆಲವು ಹುಡುಗಿಯರೂ ಅತ್ತರು. ರುದ್ರಪ್ಪ ಮೇಷ್ಟರ ಹೊತ್ತಿಗೆ ಇಡೀ ಸಭೆ ಗಪ್‌ಚಿಪ್. ಗಿರಿಜಕ್ಕನ ಸಾಲಿನೊಂದಿಗೆ ಕ್ಯಾಸೆಟ್ಟು ಮುಗಿಯಿತು, ದೀಪ ಹತ್ತಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಿನ್ಸಿಪಾಲರು, ಪಾಪ, ಒಳ್ಳೆಯ ಮನುಷ್ಯರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಗಂಭೀರವಾಗಿ ಸ್ಟೇಜು ಹತ್ತಿದರು. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. ನಮ್ಮ ಜಿಲ್ಲೆಯ ಒಬ್ಬ ಮಹಾನ್ ಪ್ರತಿಭೆಯನ್ನು ನಾವು ಕಳೆದುಕೊಂಡಿದ್ದೇವೆ, ಅವರ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸೋಣ ಅಂದರು.

ದಡಬಡ ಸದ್ದಿನೊಂದಿಗೆ ಸಭೆಗೆ ಸಭೆಯೇ ಎದ್ದು ನಿಂತಿತು. ನಾನೂ ಎದ್ದೆ, ಏನು ಮಾಡುವುದು ತಿಳಿಯದೆ. ಪಕ್ಕಕ್ಕೆ ನೋಡಿದರೆ ಕರಿಬಸಪ್ಪನೂ ಎದ್ದು ನಿಂತಿದ್ದಾನೆ. ಕೈಕಟ್ಟಿ, ತಲೆ ತಗ್ಗಿಸಿ, ತನಗೆ ತಾನೇ ಮೌನ ಆಚರಿಸುತ್ತಿದ್ದಾನೆ. ನಗಲೋ ಅಳಲೋ ಗೊತ್ತಾಗಲಿಲ್ಲ. ಅವನ ತುಟಿ ಅದುರುತ್ತಿತ್ತು, ಅದು ನಗುವಲ್ಲ.

ಆ ಇಡೀ ಸಭೆಯಲ್ಲಿ ಎದ್ದು ನಿಲ್ಲದವರು ಒಬ್ಬರೇ. ಗಿರಿಜಕ್ಕ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಾಗಿ ಅವರ ಹೆಗಲು ಮುಟ್ಟಿ, ಎದ್ದು ನಿಂತ್ಕೊಳ್ರಿ ಅಮ್ಮ, ಗೌರವ ಕೊಡ್ಬೇಕು ಅಂತ ಪಿಸುಗುಟ್ಟಿದಳು. ಗಿರಿಜಕ್ಕ ಪಿಸುಗುಟ್ಟಲಿಲ್ಲ. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುವ ದನಿಯಲ್ಲೇ ಹೇಳಿದರು. ಆ ಮೌನದಲ್ಲಿ ಕೊನೆಯ ಸಾಲಿನ ತನಕ ಕೇಳಿಸಿತು.

"ನಾನ್ಯಾಕ ನಿಲ್ಲಲಿ? ನನ್ನ ತಮ್ಮ ಹಾಡ್ತಾನೆ."

ನಮ್ಮ ಕನ್ನಡದಲ್ಲಿ ಅದೊಂದು ವಿಚಿತ್ರ ನೋಡಿ. ದಿನಾ ಹಾಡುವವನಿಗೂ ಹಾಡ್ತಾನೆ, ಇನ್ನು ಮುಂದೆ ಹಾಡುವವನಿಗೂ ಹಾಡ್ತಾನೆ. ಗಿರಿಜಕ್ಕ ಅಂಗಡಿಯಲ್ಲಿ ಹೇಳಿದಾಗ ಯಾವ ಅರ್ಥದಲ್ಲಿ ಹೇಳಿದ್ದರೋ, ನನಗೆ ತಿಳಿದಿರಲಿಲ್ಲ. ಆವತ್ತು ತಿಳಿಯಿತು.

ಕರಿಬಸಪ್ಪ ನಿಂತಲ್ಲೇ ತಲೆ ಎತ್ತಿದ. ಮೈಕಿಲ್ಲ, ಗಿಟಾರಿಲ್ಲ. ಗಂಟಲಿನಿಂದ ಮೊದಲು ಬಂದದ್ದು ದನಿಯೇ ಅಲ್ಲ, ತುಕ್ಕು ಹಿಡಿದ ಗೇಟು ತೆರೆದ ಹಾಗೆ ಒಂದು ಸದ್ದು. ನಿಂತ, ಉಗುಳು ನುಂಗಿದ, ಮತ್ತೆ ಎತ್ತಿಕೊಂಡ. ಅವನೇ ಕಟ್ಟಿದ ಯಾವುದೋ ಹಳೆ ಹಾಡು. ಆನೆಯಂಥ ದನಿ ಎಲ್ಲೂ ಇರಲಿಲ್ಲ, ಒಡಕು ದನಿ, ಅಲ್ಲಲ್ಲಿ ಉಸಿರು ಸಾಲದು. ಎರಡನೇ ಸಾಲಿಗೆ ಪ್ರಿನ್ಸಿಪಾಲರಿಗೆ ವಿಷಯ ಹೊಳೆದು ಮೈಕಿನ ಮುಂದೆಯೇ ಅಯ್ಯಯ್ಯೋ ಅಂದರು. ಮೂರನೇ ಸಾಲಿಗೆ ಪರದೆಯ ಹಿಂದಿನಿಂದ ಡ್ರಮ್ಸ್ ಶುರುವಾಯಿತು. ಆಮೇಲೆ ಏನಾಯಿತು ಅಂತ ನನ್ನನ್ನು ಕೇಳಬೇಡಿ, ನಾನು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

ಅವತ್ತು ತೆಗೆದದ್ದನ್ನು ವೀರೇಶಣ್ಣ ಆಮೇಲೆ ಈ ಕ್ಯಾಸೆಟ್ಟಿನ ಕೊನೆಗೇ ಸೇರಿಸಿದ್ದ, ಇದೆಲ್ಲವೂ ಅಲ್ಲಿ ಇರಬೇಕಿತ್ತು. ಕಳೆದ ತಿಂಗಳು ಫಂಗಸ್ ಒರೆಸಿ, ಉಸಿರು ಬಿಗಿಹಿಡಿದು ಓಡಿಸಿದೆ. ದನಿ ಪೂರ್ತಿ ಇದೆ. ಚಿತ್ರದಲ್ಲಿ ಮಾತ್ರ ನಾಲ್ಕು ನಿಮಿಷ ಬರೀ ಚಪ್ಪಲಿ. ನಮ್ಮ ವೀರೇಶಣ್ಣ ಅಳುತ್ತ ಅಳುತ್ತ ಕ್ಯಾಮೆರಾವನ್ನು ಹೆಗಲಿಂದ ಇಳಿಸಿ ಕೈಯಲ್ಲಿ ತೂಗಾಡಿಸಿಕೊಂಡಿದ್ದ, ಆಫ್ ಮಾಡುವುದನ್ನು ಮರೆತಿದ್ದ. ಹವಾಯಿ ಚಪ್ಪಲಿ, ಬೂಟು, ಹೈ ಹೀಲ್ಸು, ಎಲ್ಲವೂ ಅಲುಗದೆ ನಿಂತಿವೆ. ಅವುಗಳ ನಡುವೆ ಒಂದು ಜೊತೆ ಕಾಲು ಮಾತ್ರ, ಕೂತವರ ಕಾಲು, ನೆಲವನ್ನು ಮಿಷನ್ನಿನ ಹಾಗೆ ತುಳಿಯುತ್ತಿದೆ. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಹಾಡು ಎಲ್ಲಾದರೂ ತಡವರಿಸಿದರೆ ಆ ಕಾಲು ಇನ್ನಷ್ಟು ಗಟ್ಟಿಯಾಗಿ ತುಳಿಯುತ್ತದೆ.

ಗಿರಿಜಕ್ಕನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು. ಇದ್ಯಾರ ಕಾಲವ್ವ, ಒಂದು ಕಡೆ ಸುಮ್ನಿರಲ್ಲ ಅಂದರು. ನಿಮ್ಮದೇ ಅಕ್ಕ ಅಂದೆ. ಹೌದೇನು ಅಂದು ಇನ್ನೊಂದು ಸಲ ನೋಡಿದರು. ಮೊಬೈಲಿಗೆ ಹಾಕುವುದು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ಎದ್ದು ನಿಂತು ಬ್ಲೌಸ್ ಪೀಸು ಮಡಚತೊಡಗಿದರು.

ಕೂಡ್ರಿ ಅಕ್ಕ, ಇನ್ನೊಂದು ತಾಸು, ಬೆಣ್ಣೆದೋಸೆ ತಿಂದು ಹೋಗೋರಂತೆ ಅಂದೆ.

"ಬ್ಯಾಡವ್ವ, ಇನ್ನೊಂದಿನ ಬರ್ತೀನಿ," ಅಂದರು, ಗೋಡೆಯ ಗಡಿಯಾರ ನೋಡುತ್ತ. "ಐದರೊಳಗೆ ಮನೆ ಸೇರ್ಬೇಕು. ಅವನು ಹಾಡ್ತಾನೆ."